ಅರ್ಧಕ್ಕರ್ಧ ಎನ್ನುವ ಲೆಕ್ಕ: ಪಿಯು ಅಂಕ, ಸಿಇಟಿ ಅಂಕ ಮತ್ತು ರ‍್ಯಾಂಕ್

(ಪದವಿಪೂರ್ವ ಕಾಲೇಜುಗಳ ಉಪನ್ಯಾಸಕರು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕಪ್ಪು ಹಲಗೆಯ ಮೇಲೆ ಮಾಡಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲಿ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನ್ನ ಮುಂದಿಟ್ಟ ಪ್ರಶ್ನೆ ಇದು: ವೃತ್ತಿ ಶಿಕ್ಷಣದ ಕಾಲೇಜಿಗೆ ಮಕ್ಕಳನ್ನು ಆರಿಸುವಾಗ ಎರಡು ವರ್ಷ ಓದಿ ಬರೆದ ಪಿಯು ಪರೀಕ್ಷೆಯ ಅಂಕಕ್ಕೆ ಹೆಚ್ಚು ಬೆಲೆ ಕೊಡಬೇಕೋ, ವಿಷಯಕ್ಕೆ ಎಂಬತ್ತು ನಿಮಿಷದಲ್ಲಿ ಮುಗಿದುಹೋಗುವ ಪ್ರವೇಶ ಪರೀಕ್ಷೆಯ ಅಂಕಕ್ಕೋ? ಈ ಪ್ರಶ್ನೆಗೆ ನಮ್ಮ ರಾಜ್ಯ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಎಂಜಿನಿಯರಿಂಗ್ ಸೀಟಿಗೆ ಎರಡಕ್ಕೂ ಸಮಪಾಲು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯು ಅಂಕಗಳ ಶೇಕಡಾವಾರಿನ ಅರ್ಧ, ಅದೇ ವಿಷಯಗಳ ಸಿಇಟಿ ಎಂಬ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕಗಳ ಶೇಕಡಾವಾರಿನ ಅರ್ಧ. ಎರಡನ್ನೂ ಕೂಡಿಸಿ ರ‍್ಯಾಂಕ್ ಕೊಡುತ್ತಾರೆ. ಕೇಳಲು ಎಷ್ಟು ನ್ಯಾಯವಾಗಿದೆ! ಅಣ್ಣ ತಮ್ಮಂದಿರು ಜಗಳವಿಲ್ಲದೆ ಆಸ್ತಿ ಹಂಚಿಕೊಂಡಂತೆ ಕಾಣುತ್ತದೆ. ಆದರೆ ಆ ಅರ್ಧ ಅರ್ಧವಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಪೋಷಕರಿಗೆ ಇದು ಗೊತ್ತಿಲ್ಲ ಎಂದರೆ ಬೇಸರವಿಲ್ಲ. ನಿಯಮ ಮಾಡುವವರೂ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ ಎನ್ನುವುದೇ ನನ್ನ ತಕರಾರು.

ಮೊದಲು ಸಣ್ಣ ಲೆಕ್ಕವೊಂದನ್ನು ಮಾಡೋಣ. ಪಿಯುನಲ್ಲಿ ಮೂರು ವಿಷಯಕ್ಕೆ 300 ಅಂಕ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, ಪ್ರಶ್ನೆಗೆ ಒಂದು ಅಂಕ, ಒಟ್ಟು 180. ಎರಡನ್ನೂ ಶೇಕಡಾವಾರಿಗೆ ತಿರುಗಿಸಿ ಅರ್ಧ ಮಾಡಿದಾಗ, ಪಿಯುನ ಒಂದು ಅಂಕ ಕೊನೆಯ ಮೊತ್ತದಲ್ಲಿ 0.167 ಆಗುತ್ತದೆ, ಸಿಇಟಿಯ ಒಂದು ಪ್ರಶ್ನೆ 0.278 ಆಗುತ್ತದೆ. ಅಂದರೆ ಸಿಇಟಿಯ ಮೂರು ಪ್ರಶ್ನೆ ಪಿಯುನ ಐದು ಅಂಕಕ್ಕೆ ಸಮ. ಒಬ್ಬ ಹುಡುಗಿಗೆ ಪಿಯುನಲ್ಲಿ 290, ಸಿಇಟಿಯಲ್ಲಿ 90 ಬಂದಿದೆ ಎಂದುಕೊಳ್ಳಿ, ಮೊತ್ತ 73.33. ಅವಳ ಪಕ್ಕದ ಬೆಂಚಿನ ಹುಡುಗನಿಗೆ ಪಿಯುನಲ್ಲಿ 255, ಸಿಇಟಿಯಲ್ಲಿ 117, ಮೊತ್ತ 75. ಪಿಯುನಲ್ಲಿ 35 ಅಂಕ ಹಿಂದಿದ್ದವನು ರ‍್ಯಾಂಕ್‌ನಲ್ಲಿ ಮುಂದೆ ಹೋದ. ಇದರಲ್ಲಿ ಅನ್ಯಾಯವೇನೂ ಇಲ್ಲ, ಸೂತ್ರ ಹೇಳಿದಂತೆಯೇ ನಡೆದಿದೆ.

ನಿಜವಾದ ವಿಷಯ ಇನ್ನೂ ಸ್ವಲ್ಪ ಒಳಗಿದೆ. ಎಂಜಿನಿಯರಿಂಗ್ ಬೇಕೆನ್ನುವ ನೂರು ಮಕ್ಕಳ ಒಂದು ತರಗತಿಯನ್ನು ಊಹಿಸಿಕೊಳ್ಳಿ. ಅವರ ಪಿಯು ಅಂಕಗಳು ಶೇಕಡಾ 80ರಿಂದ 98ರ ನಡುವೆ ಇವೆ. ಅವರದೇ ಸಿಇಟಿ ಅಂಕಗಳು ಶೇಕಡಾ 30ರಿಂದ 80ರವರೆಗೆ ಹರಡಿವೆ. ನಾನು ಉದಾಹರಣೆಗಾಗಿ ಕಟ್ಟಿದ ತರಗತಿ ಇದು, ಆದರೆ ಇಲ್ಲಿ ಕುಳಿತಿರುವ ಉಪನ್ಯಾಸಕರು ತಲೆಯಾಡಿಸುತ್ತಿರುವುದನ್ನು ನೋಡಿದರೆ ವಾಸ್ತವಕ್ಕೆ ದೂರವಿಲ್ಲ ಎನ್ನಿಸುತ್ತದೆ. ಪಿಯುನಲ್ಲಿ ಮೇಲಿನವನಿಗೂ ಕೆಳಗಿನವನಿಗೂ ಅಂತರ 18. ಅರ್ಧ ಮಾಡಿದರೆ 9. ಸಿಇಟಿಯಲ್ಲಿ ಅಂತರ 50. ಅರ್ಧ ಮಾಡಿದರೆ 25. ಒಬ್ಬರನ್ನೊಬ್ಬರಿಂದ ಬೇರ್ಪಡಿಸುವ ಒಟ್ಟು 34ರಲ್ಲಿ 25 ಸಿಇಟಿಯಿಂದ ಬಂತು. ಅಂದರೆ ಕಾಗದದ ಮೇಲೆ ಅರ್ಧ ಪಾಲು ಪಡೆದ ಸಿಇಟಿ ರ‍್ಯಾಂಕಿನ ಪಟ್ಟಿಯಲ್ಲಿ ಮುಕ್ಕಾಲು ಪಾಲಿನ ಕೆಲಸ ಮಾಡುತ್ತಿದೆ. ಅಂಕಗಳು ಎಲ್ಲಿ ಹೆಚ್ಚು ಹರಡಿವೆಯೋ ಅಲ್ಲಿ ತೂಕ ಹೆಚ್ಚು. ಎಲ್ಲರಿಗೂ 95 ಕೊಟ್ಟ ಪರೀಕ್ಷೆಗೆ ಶೇಕಡಾ 90ರ ಪಾಲು ಕೊಟ್ಟರೂ ಅದು ಯಾರನ್ನೂ ಮೇಲೆ ಕೆಳಗೆ ಮಾಡಲಾರದು.

ಪಿಯು ಅಂಕಗಳು ಮೇಲ್ಭಾಗದಲ್ಲೇ ಗುಂಪುಗೂಡಲು ಕಾರಣಗಳಿವೆ. ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೆ ಪ್ರಾಯೋಗಿಕ ಪರೀಕ್ಷೆಯ ತಲಾ 30 ಅಂಕ. ಗಣಿತಕ್ಕೆ ಈಗ 20 ಅಂಕಗಳ ಆಂತರಿಕ ಮೌಲ್ಯಮಾಪನ. 300ರಲ್ಲಿ 80 ಅಂಕ ಮೌಲ್ಯಮಾಪನ ಕೇಂದ್ರದ ಮುಖ ನೋಡದೆ ಕಾಲೇಜಿನ ಮಟ್ಟದಲ್ಲೇ ತೀರ್ಮಾನವಾಗುತ್ತದೆ. ಪ್ರಾಯೋಗಿಕದಲ್ಲಿ 30ಕ್ಕೆ 22 ಕೊಟ್ಟ ಉಪನ್ಯಾಸಕರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಅವರನ್ನು ಸನ್ಮಾನಿಸಬೇಕು. (ಸಭೆಯಲ್ಲಿ ನಗು.) ಯಾರನ್ನೂ ದೂರುವುದಕ್ಕೆ ಈ ಮಾತು ಹೇಳುತ್ತಿಲ್ಲ. ಪಕ್ಕದ ಕಾಲೇಜು 30 ಕೊಡುವಾಗ ನಾವು 22 ಕೊಟ್ಟರೆ ನಮ್ಮ ಮಗು ಮಾತ್ರ ಸೋಲುತ್ತದೆ. ಪಿಯು ಪರೀಕ್ಷೆಯ ಗುರಿಯೇ ಬೇರೆ: ಇಷ್ಟು ಪಾಠ ಈ ಮಗುವಿಗೆ ಬಂದಿದೆ ಎಂದು ದೃಢಪಡಿಸುವುದು. ಸಿಇಟಿ ಇರುವುದು ಸಾಲಿನಲ್ಲಿ ನಿಲ್ಲಿಸುವುದಕ್ಕೆ. ಅದರಲ್ಲೂ ಒಂದು ವಿಚಿತ್ರವಿದೆ. ನಾಲ್ಕು ಆಯ್ಕೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಪ್ರಶ್ನೆಯನ್ನೇ ಓದದೆ ವೃತ್ತ ತುಂಬಿದವನಿಗೂ ಸರಾಸರಿಯಲ್ಲಿ 45 ಅಂಕ ಬರಬೇಕು. ಹಾಗಾಗಿ ಸಿಇಟಿಯ ಅಳತೆಗೋಲು ನಿಜವಾಗಿ ಆರಂಭವಾಗುವುದು ಸೊನ್ನೆಯಿಂದಲ್ಲ, ಸುಮಾರು 45ರಿಂದ.

ಈ ಎರಡು ಅಳತೆಗೋಲುಗಳನ್ನು ಹಾಗೆಯೇ ಕೂಡಿಸಿದರೆ ಏನಾಗುತ್ತದೆ ಎಂಬುದಕ್ಕೆ 2022ಕ್ಕಿಂತ ಒಳ್ಳೆಯ ಪಾಠವಿಲ್ಲ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಆಗ ಬೀದಿಗೆ ಬಂದ ಮಕ್ಕಳ ಸಿಟ್ಟು ಎಲ್ಲರಿಗೂ ನೆನಪಿದೆ, ಅದರೊಳಗಿದ್ದ ಗಣಿತ ಮಾತ್ರ ಮರೆತುಹೋಗಿದೆ.

2021ರಲ್ಲಿ ಕೋವಿಡ್‌ನಿಂದಾಗಿ ದ್ವಿತೀಯ ಪಿಯು ಪರೀಕ್ಷೆ ನಡೆಯಲಿಲ್ಲ. ಎಸ್‌ಎಸ್‌ಎಲ್‌ಸಿಯ ಶೇಕಡಾ 45, ಪ್ರಥಮ ಪಿಯುನ ಶೇಕಡಾ 45, ಆಂತರಿಕ ಮೌಲ್ಯಮಾಪನದ ಶೇಕಡಾ 10 ಸೇರಿಸಿ ಫಲಿತಾಂಶ ಕೊಟ್ಟರು. ಎಲ್ಲರೂ ಪಾಸು. 600ಕ್ಕೆ 600 ಪಡೆದವರು 2,239 ಮಂದಿ. ಆ ವರ್ಷ ಸಿಇಟಿ ರ‍್ಯಾಂಕಿಗೆ ಪಿಯು ಅಂಕವನ್ನು ಪರಿಗಣಿಸದೆ ಸಿಇಟಿಯ ಅಂಕವನ್ನಷ್ಟೇ ತೆಗೆದುಕೊಂಡರು. ಎಲ್ಲರಿಗೂ ಒಂದೇ ನಿಯಮವಾದ್ದರಿಂದ ಗಲಾಟೆಯಾಗಲಿಲ್ಲ. ಮರುವರ್ಷ ಅದೇ ತಂಡದ ಸುಮಾರು 24,000 ಮಕ್ಕಳು ಇನ್ನೊಮ್ಮೆ ಸಿಇಟಿ ಬರೆದರು. 2022ರ ಹೊಸ ಮಕ್ಕಳು ನಿಜವಾದ ಪಿಯು ಪರೀಕ್ಷೆ ಬರೆದು ಬಂದಿದ್ದರು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹೊಸಬರಿಗೆ ಅರ್ಧಕ್ಕರ್ಧ ಸೂತ್ರ ಹಾಕಿತು, ಪುನರಾವರ್ತಿತ ಅಭ್ಯರ್ಥಿಗಳಿಗೆ ಪಿಯು ಅಂಕ ಬಿಟ್ಟು ಸಿಇಟಿ ಮಾತ್ರ ಎಂದಿತು.

ಮೇಲ್ನೋಟಕ್ಕೆ ಇದು ತಪ್ಪೆನಿಸುವುದಿಲ್ಲ. ಪರೀಕ್ಷೆಯೇ ಬರೆಯದ ಅಂಕವನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದು? ಆದರೆ ಈಗ ಅಂಕಗಳನ್ನಿಟ್ಟು ನೋಡಿ. ಪುನರಾವರ್ತಿತ ಹುಡುಗನೊಬ್ಬನಿಗೆ ಪಿಯುನಲ್ಲಿ ಶೇಕಡಾ 95, ಸಿಇಟಿಯಲ್ಲಿ ಶೇಕಡಾ 60. ಅರ್ಧಕ್ಕರ್ಧದಲ್ಲಿ ಅವನ ಮೊತ್ತ 77.5. ಪಿಯು ತೆಗೆದುಹಾಕಿದಾಗ 60. ಹೊಸ ಹುಡುಗನೊಬ್ಬನಿಗೆ ಪಿಯುನಲ್ಲಿ 80, ಸಿಇಟಿಯಲ್ಲಿ 42, ಮೊತ್ತ 61. ಅದೇ ದಿನ ಅದೇ ಪ್ರಶ್ನೆ ಪತ್ರಿಕೆಗೆ 42 ಪಡೆದವನು 60 ಪಡೆದವನಿಗಿಂತ ಮುಂದೆ ನಿಂತ! ಸಿಇಟಿಯ ಶೇಕಡಾವಾರು ಸಾಮಾನ್ಯವಾಗಿ ಪಿಯುನದಕ್ಕಿಂತ ಕೆಳಗಿರುತ್ತದೆ ಎಂಬ ಒಂದೇ ಒಂದು ಸಂಗತಿಯನ್ನು ಗಮನಿಸದೆ, ಬೇರೆ ಬೇರೆ ಅಳತೆಗೋಲಿನಿಂದ ಬಂದ ಮೊತ್ತಗಳನ್ನು ಒಂದೇ ಪಟ್ಟಿಗೆ ಸೇರಿಸಿದ್ದರ ಫಲ ಇದು. ಚೆನ್ನಾಗಿ ಬರೆದ ಮಕ್ಕಳ ರ‍್ಯಾಂಕ್ ಎಲ್ಲೋ ಪಾತಾಳಕ್ಕೆ ಹೋಯಿತು.

ಮಕ್ಕಳು ಹೈಕೋರ್ಟಿಗೆ ಹೋದರು. 2022ರ ಸೆಪ್ಟೆಂಬರ್ 3ರಂದು ಏಕಸದಸ್ಯ ಪೀಠ ಪ್ರಾಧಿಕಾರದ ನಿರ್ಧಾರವನ್ನು ರದ್ದು ಮಾಡಿ ಅವರ ಪಿಯು ಅಂಕವನ್ನೂ ಪರಿಗಣಿಸಬೇಕೆಂದಿತು. ಹಾಗೆ ಮಾಡಿದರೆ ಹೊಸ ಮಕ್ಕಳಿಗೆ ಅನ್ಯಾಯವೆಂದು ಸರ್ಕಾರ ಮೇಲ್ಮನವಿ ಹೋಯಿತು. ಅದರ ವಾದದಲ್ಲೂ ಹುರುಳಿತ್ತು. ಕೊನೆಗೆ ವಿಭಾಗೀಯ ಪೀಠದ ಮುಂದೆ ಒಂದು ಹೊಂದಾಣಿಕೆ ಬಂತು: 2021ರ ತಂಡದ ಪಿಯು ಅಂಕಗಳಿಂದ ಸರಾಸರಿ ವಿಷಯಕ್ಕೆ 6 ಅಂಕ ಕಳೆದು, ಉಳಿದದ್ದಕ್ಕೆ ಅರ್ಧಕ್ಕರ್ಧ ಸೂತ್ರ. 300ರಲ್ಲಿ 18 ಅಂಕ ಹೋದರೆ ಕೊನೆಯ ಮೊತ್ತದಲ್ಲಿ 3 ಹೋಗುತ್ತದೆ. ಸಿಇಟಿಯ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಹನ್ನೊಂದು ಪ್ರಶ್ನೆ. ಉದಾರವಾಗಿ ಅಂಕ ಪಡೆದವನಿಗೂ, ಎಸ್‌ಎಸ್‌ಎಲ್‌ಸಿಯಲ್ಲಿ ಕಷ್ಟಪಟ್ಟು ಗಳಿಸಿದವನಿಗೂ ಒಂದೇ ಕತ್ತರಿ. ಒರಟು ಪರಿಹಾರ, ಆದರೆ ಸೀಟು ಹಂಚಿಕೆಯ ಕೌನ್ಸೆಲಿಂಗ್ ನಿಂತುಹೋಗಿದ್ದ ಹೊತ್ತಿನಲ್ಲಿ ಅದಕ್ಕಿಂತ ನಯವಾದದ್ದನ್ನು ಬಯಸುವುದು ಕಷ್ಟವಿತ್ತು. ನನ್ನ ದೂರು ಆ ಪರಿಹಾರದ ಮೇಲಲ್ಲ. ಎರಡು ವರ್ಷದ ಪಿಯು ಅಂಕಗಳು ಒಂದೇ ತೂಕದವಲ್ಲ ಎಂದು ನ್ಯಾಯಾಲಯದ ಮುಂದೆ ಒಪ್ಪಿಕೊಂಡ ಮೇಲೂ, ಅದನ್ನು ಕೋವಿಡ್‌ನ ಅಪವಾದವೆಂದು ಮಡಿಚಿ ಒಳಗಿಟ್ಟದ್ದರ ಮೇಲೆ.

ಏಕೆಂದರೆ ಅದು ಅಪವಾದವಲ್ಲ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇಕಡಾ 83.89 ಇದ್ದ ಫಲಿತಾಂಶ, ಕೃಪಾಂಕ ಧಾರಾಳವಾಗಿ ಹೆಚ್ಚಿಸಿದ ಮೇಲೂ ಶೇಕಡಾ 73.40ಕ್ಕೆ ಇಳಿಯಿತು. ದ್ವಿತೀಯ ಪಿಯುನಲ್ಲೂ 2024ರ ಶೇಕಡಾ 81.15, 2025ರಲ್ಲಿ 73.45 ಆಯಿತು. ಒಂದೇ ವರ್ಷದಲ್ಲಿ ಮಕ್ಕಳು ಇಷ್ಟು ದಡ್ಡರಾದರು ಎಂದು ನಾನು ನಂಬುವುದಿಲ್ಲ. ಅಂಕ ಎನ್ನುವುದು ಮಗುವಿನ ಓದಿನ ಜೊತೆಗೆ ಪ್ರಶ್ನೆ ಪತ್ರಿಕೆ, ಮೇಲ್ವಿಚಾರಣೆ, ಮೌಲ್ಯಮಾಪಕರ ಕೈ ಎಲ್ಲವೂ ಸೇರಿ ಆದದ್ದು. ಹೀಗಿದ್ದೂ 2024ರ ಅಂಕಪಟ್ಟಿ ಹಿಡಿದು ಬಂದ ಪುನರಾವರ್ತಿತ ಅಭ್ಯರ್ಥಿಯನ್ನೂ 2025ರ ಹೊಸಬನನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸುತ್ತೇವೆ. ಇದರ ಮೇಲೆ ಈಗ ಪಿಯುಗೆ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಮಕ್ಕಳ ಮನಸ್ಸಿಗೆ ಅದು ಒಳ್ಳೆಯದೇ. ಆದರೆ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದಾದ ಪರೀಕ್ಷೆಯ ಅಂಕಗಳು ಇನ್ನಷ್ಟು ಮೇಲಕ್ಕೆ ಗುಂಪುಗೂಡುತ್ತವೆ, ಒಂದೇ ಸಲದ ಸಿಇಟಿಯ ತೂಕ ಇನ್ನಷ್ಟು ಏರುತ್ತದೆ. ಸೂತ್ರದ ಒಂದು ಅಕ್ಷರವೂ ಬದಲಾಗಿಲ್ಲ, ಪಾಲು ಬದಲಾಗಿದೆ.

ಸಿಇಟಿ ಪರಿಶುದ್ಧ ಎಂದು ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. 2024ರ ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆಗಳು ಬಂದು ರಾಜ್ಯವೆಲ್ಲ ಕೂಗಾಡಿತು. ಕೊನೆಗೆ ನಾಲ್ಕು ವಿಷಯಗಳಲ್ಲಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು: ಭೌತಶಾಸ್ತ್ರದಲ್ಲಿ 9, ರಸಾಯನಶಾಸ್ತ್ರದಲ್ಲಿ 15, ಗಣಿತದಲ್ಲಿ 15, ಜೀವಶಾಸ್ತ್ರದಲ್ಲಿ 11. ಎಂಜಿನಿಯರಿಂಗ್‌ನವರಿಗೆ 180ರಲ್ಲಿ 141 ಉಳಿಯಿತು. ಆ 141ರ ಮೇಲೆಯೇ ಶೇಕಡಾವಾರು ತೆಗೆದರೆ ಒಂದು ಪ್ರಶ್ನೆ ಪಿಯುನ ಎರಡಕ್ಕೂ ಹೆಚ್ಚು ಅಂಕಕ್ಕೆ ಸಮವಾಗುತ್ತದೆ. ಕೈಬಿಟ್ಟ ಪ್ರಶ್ನೆಗಳ ಜೊತೆ ಗುದ್ದಾಡುತ್ತ ಹತ್ತು ನಿಮಿಷ ಕಳೆದ ಮಗುವಿಗೆ ಆ ಹತ್ತು ನಿಮಿಷವನ್ನು ಯಾವ ಸೂತ್ರವೂ ಹಿಂದಿರುಗಿಸಲಿಲ್ಲ.

ಹಾಗಾದರೆ ಎರಡರಲ್ಲಿ ಒಂದನ್ನು ಬಿಟ್ಟುಬಿಡೋಣವೇ? ಎರಡೂ ದಾರಿಯಲ್ಲಿ ನಡೆದವರು ನಮ್ಮ ಅಕ್ಕಪಕ್ಕದಲ್ಲೇ ಇದ್ದಾರೆ. ತಮಿಳುನಾಡು 2006ರ ಕಾನೂನಿನ ಮೂಲಕ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯನ್ನೇ ತೆಗೆದುಹಾಕಿತು. ಅಲ್ಲಿ ಹನ್ನೆರಡನೇ ತರಗತಿಯ ಗಣಿತಕ್ಕೆ 100, ಭೌತ ಮತ್ತು ರಸಾಯನಕ್ಕೆ ತಲಾ 50, ಒಟ್ಟು 200ಕ್ಕೆ ರ‍್ಯಾಂಕ್. ಕೋಚಿಂಗ್‌ಗೆ ಹಣವಿಲ್ಲದ ಹಳ್ಳಿಯ ಮಗುವಿಗೆ ದಾರಿ ಸುಲಭವಾಯಿತು ಎನ್ನುವುದು ಅವರ ವಾದ; ಅದನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಆದರೆ ಅಂಕ ಸಮನಾದವರ ಸಂಖ್ಯೆ ಎಷ್ಟೆಂದರೆ, ಉಳಿದ ಎಲ್ಲ ಮಾನದಂಡಗಳೂ ಸಮವಾದಾಗ ಬಳಸಲೆಂದು ಪ್ರತಿಯೊಬ್ಬ ಅಭ್ಯರ್ಥಿಗೂ ಕಂಪ್ಯೂಟರಿನಿಂದ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಮೊದಲೇ ಕೊಟ್ಟಿಡುತ್ತಾರೆ. ದೆಹಲಿ ವಿಶ್ವವಿದ್ಯಾಲಯ ಬೋರ್ಡ್ ಅಂಕಗಳನ್ನೇ ನೆಚ್ಚಿಕೊಂಡು ಕೊನೆಗೆ 2021ರಲ್ಲಿ ಹಲವು ಕಾಲೇಜುಗಳ ಕೆಲವು ಕೋರ್ಸುಗಳ ಕಟ್‌ಆಫ್ ಶೇಕಡಾ 100ಕ್ಕೆ ಮುಟ್ಟಿತು. ಮರುವರ್ಷವೇ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬಂದು ಬೋರ್ಡ್ ಅಂಕ ಬರೀ ಅರ್ಹತೆಯಾಗಿ ಉಳಿಯಿತು.

ಇನ್ನೊಂದು ತುದಿಯಲ್ಲಿ ನೀಟ್ ಇದೆ. ವೈದ್ಯಕೀಯಕ್ಕೆ ಈಗ ಪಿಯು ಅಂಕ ಬೇಕಾದದ್ದು ಹೊಸ್ತಿಲು ದಾಟಲು ಮಾತ್ರ. ಸಾಮಾನ್ಯ ವರ್ಗಕ್ಕೆ ಶೇಕಡಾ 50 ಸಾಕು. ಅದರ ಪರಿಣಾಮ ನಿಮ್ಮ ತರಗತಿಗಳಲ್ಲೇ ಕಾಣುತ್ತಿದೆ. ಜೀವಶಾಸ್ತ್ರದ ದೀರ್ಘ ಉತ್ತರ ಬರೆಯಲು ಮಗುವಿಗೆ ಕೈ ಬರುವುದಿಲ್ಲ, ಪ್ರಯೋಗಾಲಯದ ದಾಖಲೆ ಪುಸ್ತಕ ಗೆಳತಿಯದನ್ನು ನೋಡಿ ಬರೆದದ್ದು, ಹಾಜರಾತಿ ಇದ್ದರೂ ಮನಸ್ಸು ಕೋಚಿಂಗ್‌ನ ಹಾಳೆಗಳಲ್ಲಿ. ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೈನ್ 2013ರಿಂದ ಬೋರ್ಡ್ ಅಂಕಕ್ಕೆ ಶೇಕಡಾ 40ರ ಪಾಲು ಕೊಟ್ಟು ನೋಡಿತು. ಬೋರ್ಡುಗಳ ಫಲಿತಾಂಶಕ್ಕೆ ಕಾಯುವುದು, ಎಷ್ಟು ಮಂದಿಗಿಂತ ಮುಂದೆ ಎನ್ನುವ ಪರ್ಸೆಂಟೈಲ್ ಲೆಕ್ಕ ಹಾಕುವುದು ಸಾಕಾಗಿ 2017ರಲ್ಲಿ ಬಿಟ್ಟಿತು. ತೆಲಂಗಾಣವೂ ನಮ್ಮ ಪಿಯುಗೆ ಸಮನಾದ ಇಂಟರ್‌ಮೀಡಿಯಟ್‌ಗೆ ಕೊಡುತ್ತಿದ್ದ ಶೇಕಡಾ 25ರ ಪಾಲನ್ನು 2023ರಲ್ಲಿ ತೆಗೆಯಿತು. ನಮ್ಮಲ್ಲೇ ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್‌-ಕೆ ಪರೀಕ್ಷೆಯಲ್ಲಿ ರ‍್ಯಾಂಕಿಗೆ ಪಿಯು ಅಂಕ ಸೇರುವುದಿಲ್ಲ. ಹೀಗಾಗಿ ಒಂದೇ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಒಂದೇ ತರಗತಿಯಲ್ಲಿ ಸಿಇಟಿಯ ಪ್ರತಿಭೆ, ಕಾಮೆಡ್‌-ಕೆಯ ಪ್ರತಿಭೆ, ಆಡಳಿತ ಮಂಡಳಿಯ ಸೀಟಿನ ‘ಪ್ರತಿಭೆ’ ಮೂವರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಮೂರನೆಯದರ ಬಗ್ಗೆ ಇವತ್ತು ಮಾತಾಡುವುದಿಲ್ಲ.

ಅಮೆರಿಕದ ಸುದ್ದಿ ಇಲ್ಲಿ ಎರಡು ಮಾತಿನಷ್ಟು ಬೇಕು, ನಿಮ್ಮಲ್ಲಿ ಹಲವರ ನೆಂಟರಿಷ್ಟರ ಮಕ್ಕಳು ಅಲ್ಲಿ ಓದುತ್ತಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರ ಸಮಿತಿ 2020ರಲ್ಲಿ ವರದಿ ಕೊಟ್ಟು, ಮೊದಲ ವರ್ಷದ ಕಲಿಕೆಯನ್ನು ಊಹಿಸಲು ಪ್ರೌಢಶಾಲೆಯ ಗ್ರೇಡಿಗಿಂತ ಎಸ್‌ಎಟಿಯಂಥ ಪ್ರವೇಶ ಪರೀಕ್ಷೆಯೇ ಮೇಲು ಎಂದಿತು. ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಅದೇ ವರ್ಷ ಆ ಪರೀಕ್ಷೆಯನ್ನೇ ಕೈಬಿಡಲು ನಿರ್ಧರಿಸಿತು. ಕೋವಿಡ್ ಕಾಲದಲ್ಲಿ ಪರೀಕ್ಷೆಯನ್ನು ಐಚ್ಛಿಕ ಮಾಡಿದ್ದ ಎಂಐಟಿ 2022ರಲ್ಲಿ ಅದನ್ನು ಮತ್ತೆ ಕಡ್ಡಾಯ ಮಾಡಿತು. ಒಳ್ಳೆಯ ಶಾಲೆಯ ಸೌಲಭ್ಯವಿಲ್ಲದ ಜಾಣ ಮಗುವನ್ನು ಗುರುತಿಸಲು ಅದು ಬೇಕು ಎನ್ನುವುದು ಅದು ಕೊಟ್ಟ ಕಾರಣಗಳಲ್ಲಿ ಒಂದು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್ ಅದೇ ಹಾದಿ ಹಿಡಿದವು. ಅಲ್ಲಿ ಶಾಲೆಗೊಂದು ಗ್ರೇಡ್ ಪದ್ಧತಿ, ನಮ್ಮಲ್ಲಿ ರಾಜ್ಯಕ್ಕೊಂದು ಬೋರ್ಡ್. ಆದ್ದರಿಂದ ಅವರ ತೀರ್ಮಾನವನ್ನು ಇಲ್ಲಿಗೆ ತಂದು ನೆಡುವ ಉತ್ಸಾಹ ನನಗಿಲ್ಲ.

ನನ್ನ ಪಕ್ಷ ಸ್ಪಷ್ಟ: ಪಿಯು ಅಂಕ ಉಳಿಯಬೇಕು. ಪಿಯು ಅಂಕಕ್ಕೆ ಬೆಲೆ ಇರುವಷ್ಟು ದಿನ ಪಿಯು ಕಾಲೇಜಿಗೆ ಬೆಲೆ ಇರುತ್ತದೆ. ಲೆಕ್ಕವನ್ನು ಹಂತಹಂತವಾಗಿ ಬರೆದು ತೋರಿಸುವ, ಉತ್ತರ ತಪ್ಪಾದರೂ ದಾರಿ ಸರಿಯಿದ್ದರೆ ಅಂಕ ಪಡೆಯುವ ಪರೀಕ್ಷೆ ನಮ್ಮಲ್ಲಿ ಉಳಿದಿರುವುದು ಅದೊಂದೇ. ಆದರೆ ಉಳಿಸಿಕೊಳ್ಳುವುದಾದರೆ ಎರಡನ್ನೂ ಒಂದೇ ಅಳತೆಗೆ ತಂದ ಮೇಲೆ ಕೂಡಿಸಬೇಕು. ಪ್ರತಿ ಬೋರ್ಡಿನಲ್ಲಿ, ಪ್ರತಿ ವರ್ಷದ ತಂಡದಲ್ಲಿ ಮಗು ಎಷ್ಟು ಮಂದಿಗಿಂತ ಮುಂದಿದೆ ಎಂಬುದನ್ನು ತೆಗೆದುಕೊಳ್ಳಿ, ಸಿಇಟಿಯಲ್ಲೂ ಹಾಗೆಯೇ ಮಾಡಿ, ಆಮೇಲೆ ಅರ್ಧಕ್ಕರ್ಧ ಎನ್ನಿ. ಆಗ ಅರ್ಧ ಎಂಬ ಮಾತಿಗೆ ಅರ್ಥ ಬರುತ್ತದೆ. ಸಿಬಿಎಸ್‌ಇಯ 90 ಮತ್ತು ರಾಜ್ಯ ಬೋರ್ಡಿನ 90 ಒಂದೇ ಎಂದು ಈಗ ನಾವು ಸುಮ್ಮನೆ ಒಪ್ಪಿಕೊಂಡಿದ್ದೇವೆ.

ಇದರಲ್ಲಿ ತೊಡಕಿಲ್ಲವೆಂದಲ್ಲ. ಸಿಬಿಎಸ್‌ಇ ತೆಗೆದುಕೊಳ್ಳುವ ಮಕ್ಕಳ ಗುಂಪೇ ಬೇರೆಯಾದರೆ ಅದರೊಳಗಿನ ಸ್ಥಾನವನ್ನು ರಾಜ್ಯ ಬೋರ್ಡಿನ ಸ್ಥಾನಕ್ಕೆ ಸರಿಹೊಂದಿಸುವುದು ಸುಲಭವಲ್ಲ. ಕೇರಳದವರು ಬೋರ್ಡುಗಳ ಅಂಕವನ್ನು ಸರಿದೂಗಿಸಿ ಅರ್ಧಕ್ಕರ್ಧ ಮಾಡುವ ಪದ್ಧತಿಯನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ಅದರಿಂದ ತಮ್ಮ ರಾಜ್ಯ ಬೋರ್ಡಿನ ಮಕ್ಕಳಿಗೆ ನಷ್ಟವೆಂದು 2025ರಲ್ಲಿ ಸರ್ಕಾರ ಸೂತ್ರ ಬದಲಿಸಿತು, ಅದೂ ಪ್ರವೇಶ ಪರೀಕ್ಷೆ ಮುಗಿದ ಮೇಲೆ, ರ‍್ಯಾಂಕ್ ಪಟ್ಟಿ ಹೊರಬೀಳುವ ಹೊತ್ತಿಗೆ. ಜುಲೈನಲ್ಲಿ ಕೇರಳ ಹೈಕೋರ್ಟ್ ಆ ಪಟ್ಟಿಯನ್ನು ರದ್ದು ಮಾಡಿತು, ಹಳೆಯ ಸೂತ್ರದಲ್ಲಿ ಹೊಸ ಪಟ್ಟಿ ಬಂತು, ಮೊದಲ ರ‍್ಯಾಂಕ್ ಕೂಡ ಬೇರೆಯವರದಾಯಿತು. ಸೂತ್ರ ಯಾವುದೇ ಇರಲಿ, ಮಗು ಪ್ರಥಮ ಪಿಯುಗೆ ಸೇರುವ ದಿನವೇ ಅದು ಅಚ್ಚಾಗಿ ಕೈಗೆ ಸಿಗಬೇಕು. ಜೊತೆಗೆ ಪ್ರತಿ ವರ್ಷ ಎರಡೂ ಪರೀಕ್ಷೆಗಳ ಅಂಕ ಹೇಗೆ ಹರಡಿವೆ ಎಂಬ ಕೋಷ್ಟಕವನ್ನು ಪ್ರಾಧಿಕಾರ ಪ್ರಕಟಿಸಬೇಕು. ಖರ್ಚಿಲ್ಲದ ಕೆಲಸ ಇದು, ಮಾಹಿತಿ ಅವರ ಕಂಪ್ಯೂಟರಿನಲ್ಲೇ ಇದೆ.

ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿಗಳನ್ನು ಈ ಚರ್ಚೆಗೆ ತರಲಿಲ್ಲವೆಂದು ಕೆಲವರಿಗೆ ಅನ್ನಿಸಿರಬಹುದು. ಶೇಕಡಾ 15 ಮತ್ತು ಶೇಕಡಾ 5ರ ಆ ಪಾಲುಗಳು ಸೂತ್ರಕ್ಕೆ ಕಾಣದ ಸಂಗತಿಗಳನ್ನು ಹೊರಗಿನಿಂದ ಸರಿಪಡಿಸುತ್ತವೆ. ಅವು ಇರಬೇಕು. ಆದರೆ ಆ ಪಾಲಿನೊಳಗೂ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಇದೇ ಸೂತ್ರ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ತಾಯಿಯೊಬ್ಬರು ಕೇಳಿದರು: “ಸರ್, ಸೂತ್ರ ಸರಿಯಾಗುವ ಹೊತ್ತಿಗೆ ನನ್ನ ಮಗಳ ಓದೇ ಮುಗಿದಿರುತ್ತದೆ. ಅವಳು ಈಗ ಯಾವುದಕ್ಕೆ ಹೆಚ್ಚು ಹೊತ್ತು ಕೊಡಬೇಕು, ಅದನ್ನು ಹೇಳಿ.”

ಅಮ್ಮ, ಅವಳು ಈಗ ಎಲ್ಲಿದ್ದಾಳೆ ಎಂಬುದರ ಮೇಲೆ ಅದು ನಿಂತಿದೆ. ಪಿಯುನಲ್ಲಿ 270 ಬರುವ ಮಗುವಿಗೆ ಅಲ್ಲಿ ಇನ್ನು ಗಳಿಸಲು ಉಳಿದಿರುವುದು 30 ಅಂಕ, ಮೊತ್ತದಲ್ಲಿ 5. ಅದೇ ಮಗುವಿಗೆ ಸಿಇಟಿಯಲ್ಲಿ 90 ಬರುತ್ತಿದ್ದರೆ ಉಳಿದಿರುವುದು 90 ಅಂಕ, ಮೊತ್ತದಲ್ಲಿ 25. ಅವಳು ಸಿಇಟಿಗೆ ಹೊತ್ತು ಕೊಡಲಿ. ಆದರೆ ಪಿಯುನಲ್ಲಿ 200ರ ಸುತ್ತ ಇರುವ ಮಗು ಬಹು ಆಯ್ಕೆಯ ಪುಸ್ತಕ ಹಿಡಿದು ಕೂತರೆ ಪ್ರಯೋಜನವಿಲ್ಲ. ಅದಕ್ಕೆ ಪಾಠವೇ ಪೂರ್ತಿ ಹತ್ತಿಲ್ಲ. ಅಧ್ಯಾಯದ ಲೆಕ್ಕಗಳನ್ನು ಮೊದಲು ಆಯ್ಕೆಗಳಿಲ್ಲದೆ ಪೂರ್ತಿ ಬಿಡಿಸಲಿ, ವೇಗ ಆಮೇಲೆ ಬರುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ತಂದೆ: “ನನ್ನ ಮಗ ಎಂಟು ಅಂಕ ಹೆಚ್ಚಾಗಬಹುದೆಂದು ಪರೀಕ್ಷೆ-2 ಬರೆಯುತ್ತೇನೆ ಎನ್ನುತ್ತಿದ್ದಾನೆ. ಬರೆಸಲೇ?”

ಎಂಟು ಅಂಕವೆಂದರೆ ಮೊತ್ತದಲ್ಲಿ 1.33, ಸಿಇಟಿಯ ಐದು ಪ್ರಶ್ನೆಗೆ ಸ್ವಲ್ಪ ಕಡಿಮೆ. ಸಾವಿರಾರು ಮಕ್ಕಳು ಒತ್ತಾಗಿ ನಿಂತಿರುವ ನಡುಭಾಗದಲ್ಲಿ ಅವನಿದ್ದರೆ ಅದು ದೊಡ್ಡ ಜಿಗಿತವೇ. ಹೆಚ್ಚು ಬಂದದ್ದು ಉಳಿಯುತ್ತದೆ, ಕಡಿಮೆ ಬಂದರೆ ನಷ್ಟವಿಲ್ಲ. ಅವನೇ ಬರೆಯುತ್ತೇನೆ ಎನ್ನುತ್ತಿದ್ದರೆ ಬರೆಯಲಿ. ನೀವು ಬರೆಸುತ್ತಿದ್ದರೆ, ಅವನನ್ನು ಒಮ್ಮೆ ಕೇಳಿ.